ಎರಡನೆಯ ಪ್ರಶ್ನೆ ಕೇಳುತ್ತಿದ್ದ ವಕೀಲಬಾಯಿ

ಒಬ್ಬ ಹಮಾಲನನ್ನು ಗಲ್ಲಿಗೇರಿಸಲು ನೀವೆಲ್ಲ ಸಿದ್ಧರಿದ್ದಿರಿ. ಆದರೆ ಅವನನ್ನು ಒಂದು ಸಲ ‘ಯಾಕೆ’ ಎಂದು ಕೇಳಲು ನಿಮ್ಮಲ್ಲಿ ಒಬ್ಬರೂ ಸಿದ್ಧರಿರಲಿಲ್ಲ. ಇದು ನನ್ನ ಆರೋಪ. ಪಂಚನಾಮೆ ಬರೆದ ಪೊಲೀಸ್ ಅಧಿಕಾರಿ, ಶವಪರೀಕ್ಷೆ ಮಾಡಿದ ಸರ್ಕಾರಿ ವೈದ್ಯರು, ಸರ್ಕಾರದ ಪರವಾಗಿ ವಾದಿಸಿದ ವಕೀಲರು, ಆರೋಪಿಯ ಪರವಾಗಿ ನೇಮಕಗೊಂಡೂ ಅವನೊಡನೆ ಕುಳಿತು ಮಾತಾಡದ ವಕೀಲರು, ಇವರೆಲ್ಲರ ಮಾತನ್ನು ಒಂದರ ಮೇಲೊಂದು ಪೇರಿಸಿ ಮರಣದಂಡನೆ ಬರೆದ ಕೆಳಗಿನ ನ್ಯಾಯಾಲಯ: ನಿಮಗೆಲ್ಲ ಕಣ್ಣಿತ್ತು, ವಿದ್ಯೆಯಿತ್ತು, ಅಧಿಕಾರವಿತ್ತು. ಕುತೂಹಲ ಮಾತ್ರ ಇರಲಿಲ್ಲ. ಅದು ಇಲ್ಲದ್ದನ್ನು ನಾನು ಸಣ್ಣ ದೋಷವೆಂದು ಒಪ್ಪುವುದಿಲ್ಲ. ಅದರಿಂದ ಒಂದು ಜೀವ ಹೋಗುವುದರಲ್ಲಿತ್ತು.

ಕುತೂಹಲ ಇದ್ದದ್ದು ಒಬ್ಬರಿಗೆ. ಅವರು ಹೋದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಯಾವಾಗಲಾದರೂ ಪತ್ರಿಕೆಯಲ್ಲಿ ತಮ್ಮ ಹೆಸರು ಬಂದರೆ, “ಇವರಿಗೆ ನನ್ನ ಹೆಸರು ಯಾಕ ಬೇಕಾಗಿತ್ತಂತ?” ಎಂದು ಅವರು ಕೇಳುತ್ತಿದ್ದರು. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟವರನ್ನು ನಾನು ನೋಡಿಲ್ಲ, ನನ್ನಲ್ಲಿಯೂ ಇಲ್ಲ.

ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದವರು ಅವರು. ಯಜಮಾನರಿಗೆ ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಕಾನೂನು ಓದಿ, ಉಳಿದವರು ಹೆಸರು ಮಾಡಿ ಮುಗಿಸುವ ವಯಸ್ಸಿನಲ್ಲಿ ಕರಿಕೋಟು ತೊಟ್ಟರು. ಆ ಕೋಟಿನ ಎಡಜೇಬಿನಲ್ಲಿ ಸದಾ ಹುರಿದ ಶೇಂಗಾ ಇರುತ್ತಿತ್ತು. ಎದುರು ಪಕ್ಷದ ವಕೀಲರಿಗೂ ಕೊಡುತ್ತಿದ್ದರು, ಕೈಕೋಳ ಹಾಕಿಸಿಕೊಂಡು ಪಡಸಾಲೆಯಲ್ಲಿ ಕೂತ ಆರೋಪಿಗಳಿಗೂ ಕೊಡುತ್ತಿದ್ದರು. ವಕೀಲರ ಕೋಣೆಯ ಮರಾಠಿ ಗೆಳೆಯರು ಅವರಿಗೆ ಇಟ್ಟ ಹೆಸರು ‘ಕಾಬಾಯಿ’. ಮರಾಠಿಯಲ್ಲಿ ‘ಕಾ’ ಎಂದರೆ ‘ಯಾಕೆ’. ದಿನವಿಡೀ ಅವರ ಬಾಯಲ್ಲಿ ಇದ್ದದ್ದು ಅದೊಂದೇ. ಮನೆಯಲ್ಲಿ ಯಜಮಾನರು ಬಂದವರ ಮುಂದೆ ಹೇಳಿಕೊಳ್ಳುತ್ತಿದ್ದರು: “ನಮ್ಮ ಮನ್ಯಾಗ ನಾನೊಬ್ಬನ ಆರೋಪಿ ನೋಡ್ರಿ. ಇಷ್ಟು ವರ್ಷಾತು, ಜಾಮೀನು ಸಿಕ್ಕಿಲ್ಲ.”

“ಅರ್ಜಿ ಹಾಕೀರೇನು?” ಎಂದು ಒಳಗಿನಿಂದ ಅವರ ಧ್ವನಿ ಬರುತ್ತಿತ್ತು.

ನಾನು ಕಾನೂನು ಕಾಲೇಜು ಮುಗಿಸಿ ಅವರ ಕೈಕೆಳಗೆ ಕೆಲಸ ಕೇಳಿಕೊಂಡು ಹೋದದ್ದು ಎಂಬತ್ತರ ದಶಕ ಆಗಷ್ಟೇ ಕಣ್ಣು ಬಿಡುತ್ತಿದ್ದಾಗ. ವಿಶ್ವವಿದ್ಯಾಲಯದ ಚರ್ಚಾಕೂಟಗಳಲ್ಲಿ ಗೆದ್ದ ಬಿಸಿ ಇನ್ನೂ ಆರಿರಲಿಲ್ಲ.

“ವಕೀಲಕಿ ಯಾಕ ಮಾಡ್ತಿ ತಮ್ಮಾ?”

“ಅನ್ಯಾಯದ ವಿರುದ್ಧ ಹೋರಾಡಬೇಕು ಅಂತ, ಅಕ್ಕಾರ.”

“ಅದು ಸರಿ. ಯಾಕ?”

ಅವರು ಜೇಬಿನಿಂದ ಒಂದು ಹಿಡಿ ಶೇಂಗಾ ತೆಗೆದು ಮೇಜಿನ ಮೇಲಿಟ್ಟು, “ಉತ್ತರ ಸಿಗೂತನಕಾ ಈ ಫೈಲ್‌ಗೋಳನ್ನ ಕಟ್ಟಿ ಇಡು” ಎಂದರು.

ಅವರ ಸಿದ್ಧಾಂತವೇನಾದರೂ ಇದ್ದರೆ ಅದು ಒಂದು ಸಾಲಿನದು. ಮೊದಲನೆಯ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಮನುಷ್ಯ ಸಿಗುವುದು ಎರಡನೆಯದರಲ್ಲಿ. ‘ಹೌದು’ ಎಂದವನನ್ನು ಅಲ್ಲಿಗೇ ಬಿಟ್ಟು ಎದ್ದುಹೋಗುವುದು ಅವರಿಗೆ, ಊಟಕ್ಕೆ ಕರೆದು ಬರಿ ಎಲೆ ಹಾಕಿದಂತೆ ಕಾಣುತ್ತಿತ್ತು. ಈ ಹಟ ಅವರನ್ನು ಯಾವಾಗಲೂ ಗೆಲ್ಲಿಸುತ್ತಿತ್ತು ಎಂದಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಸಾಕ್ಷಿಗೆ ಕೇಳಬಾರದೆಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ಅವರು ಅಂಥವನ್ನೇ ಕೇಳುತ್ತಿದ್ದರು. ಒಂದು ಕಳವಿನ ಮೊಕದ್ದಮೆಯಲ್ಲಿ, ಕತ್ತಲಲ್ಲಿ ಕಳ್ಳನನ್ನು ಗುರುತಿಸಿದೆನೆಂದ ಸಾಕ್ಷಿ ಆಗಲೇ ತೊದಲುತ್ತಿದ್ದ. ಅಲ್ಲಿಗೆ ನಿಲ್ಲಿಸಿದ್ದರೆ ಗೆಲುವು ನಮ್ಮದು. ಇವರು ನಿಜವಾದ ಕುತೂಹಲದಿಂದ, “ಅಂಥಾ ಕತ್ತಲಿಯಲ್ಲಿ ಹ್ಯಾಗೆ ಗುರುತು ಹಿಡಿದಿರಿ?” ಎಂದು ಕೇಳಿದರು. “ಕಳ್ಳ ಕೆಮ್ಮಿದ, ಬಾಯಿಯವರೇ, ನಮ್ಮ ಚಾಳಿನಲ್ಲಿ ಆ ಕೆಮ್ಮು ಇವನೊಬ್ಬನದೇ” ಎಂದ ಸಾಕ್ಷಿ. ಕಟಕಟೆಯಲ್ಲಿ ನಿಂತ ನಮ್ಮ ಕಕ್ಷಿದಾರ ಆಗಲೇ ಕೆಮ್ಮಿದ. ಶಿಕ್ಷೆಯಾಯಿತು. ಆತನ ತಾಯಿ ಮೆಟ್ಟಿಲ ಮೇಲೆ ನಿಂತು ಇವರನ್ನು ಬಯ್ದದ್ದನ್ನು ನಾನು ಇಲ್ಲಿ ಬರೆಯಲಾರೆ. ಇವರು ಪೂರ್ತಿ ಕೇಳಿಸಿಕೊಂಡು, ಆಕೆಯ ಪಕ್ಕ ಕೂತು, “ಆ ಕೆಮ್ಮು ಎಷ್ಟು ದಿವಸದಿಂದ ಅದ?” ಎಂದು ವಿಚಾರಿಸಿ ದವಾಖಾನೆಯ ವಿಳಾಸ ಕೊಟ್ಟು ಬಂದರು.

ಇಂಥವರ ಮೇಜಿಗೆ ಕಾನೂನು ನೆರವಿನ ಕಡೆಯಿಂದ ಹಮಾಲನ ಕಡತ ಬಂತು. ಕೆಳಗಿನ ನ್ಯಾಯಾಲಯ ಮರಣದಂಡನೆ ವಿಧಿಸಿಯಾಗಿತ್ತು. ಅಂಥ ಶಿಕ್ಷೆಯನ್ನು ಉಚ್ಚ ನ್ಯಾಯಾಲಯ ಪರಿಶೀಲಿಸಿ ಖಾಯಂ ಮಾಡದೆ ಜಾರಿಗೊಳಿಸುವಂತಿಲ್ಲ. ಉಳಿದಿದ್ದ ಬಾಗಿಲು ಅದೊಂದೇ.

ತೀರ್ಪಿನ ಪ್ರಕಾರ ನಡೆದದ್ದು ಇಷ್ಟು. ಪುಣೆ ಕ್ಯಾಂಪಿನ ಹಳೆಯ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ ಮಾಡುವ ಮುದುಕರೊಬ್ಬರಿದ್ದರು. ಆಳಂದದ ಕಡೆಯ ಲಿಂಗಾಯತರು; ಹೆಂಡತಿ ಇಲ್ಲ; ಒಬ್ಬಳೇ ಮಗಳನ್ನು ಆಳಂದಕ್ಕೆ ಕೊಟ್ಟಿದ್ದರು. ಅಂಗಡಿಯ ಹಿಂದಿನ ಖೋಲಿಯಲ್ಲಿ ಅವರ ವಾಸ. ಅವರ ಕಡೆಯವನೇ ಆದ ಹಮಾಲ ಚೀಲ ಹೊತ್ತುಕೊಂಡು ಅಲ್ಲೇ ಅಟ್ಟದ ಕೆಳಗೆ ಇರುತ್ತಿದ್ದ. ಮಾರುಕಟ್ಟೆಗೆ ರಜೆಯಿದ್ದ ದಿನ ಸಂಜೆ ಅವನು ಖೋಲಿಗೆ ಬೀಗ ಹಾಕಿ ಗಂಟು ಹಿಡಿದು ಹೋದದ್ದನ್ನು ಪಕ್ಕದ ಅಂಗಡಿಯವರು ಕಂಡರು. ಅನುಮಾನ ಬಂದು ಹಿಂದಿನ ಕಿಟಕಿಯಿಂದ ಇಣುಕಿದರೆ ಮುದುಕರ ಹೆಣ. ಪೊಲೀಸರ ಮಾತಿನಲ್ಲಿ: ತಲೆಗೆ ಹೊಡೆದು, ಧೋತರದಿಂದ ಗೋಡೆಯ ಗೂಟಕ್ಕೆ ಕಟ್ಟಿಹಾಕಿ, ಬಾಯಿಗೆ ಬಟ್ಟೆ ಬಿಗಿದು ಕೊಲ್ಲಲಾಗಿದೆ, ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ಕಳುವಾಗಿದೆ. ಮರುದಿನ ಮುಂಜಾನೆ ಸೋಲಾಪುರದ ಬಸ್ ನಿಲ್ದಾಣದಲ್ಲಿ ಹಮಾಲ ಸಿಕ್ಕ. ಅವನ ಗಂಟಿನಲ್ಲಿ ಕರಡಿಗೆ ಸಿಕ್ಕಿತು. ಹೆಣದ ಹಣೆಯ ಮೇಲಿನ ವಿಭೂತಿ, ಯಾರೂ ಮುಟ್ಟದ ತುಂಬಿದ ಗಲ್ಲಾಪೆಟ್ಟಿಗೆ ಪಂಚನಾಮೆಯಲ್ಲಿ ಒಂದೊಂದು ಸಾಲಾಗಿ ಕೂತಿದ್ದವು. ‘ಅಪರೂಪದಲ್ಲಿ ಅಪರೂಪದ ಪ್ರಕರಣ’ ಎಂಬ ಮಾತು ಆಗ ಕೋರ್ಟುಗಳಲ್ಲಿ ಹೊಸದಾಗಿ ಓಡಾಡುತ್ತಿತ್ತು. ಅನ್ನ ಹಾಕಿದ ಮುದುಕನನ್ನು ಅಲುಗಾಡದಂತೆ ಕಟ್ಟಿ, ಕೂಗದಂತೆ ಬಾಯಿ ಬಿಗಿದು ಕೊಂದ ಈ ಕ್ರೌರ್ಯ ಅಪರೂಪದಲ್ಲಿ ಅಪರೂಪದ್ದು ಎಂದು ತೀರ್ಪು ಬರೆಯಲಾಯಿತು. ಆ ಕಟ್ಟುಗಳಿಗಾಗಿಯೇ ಗಲ್ಲು.

ಜೈಲಿನಲ್ಲಿ ಅವನನ್ನು ಮೊದಲ ಸಲ ನೋಡಿದಾಗ ಅವನು ನಿಂತೇ ಇದ್ದ. ಕೂಡಲು ಹೇಳಿದರೆ ನೆಲದ ಮೇಲೆ ಕೂತ. ಇವರೂ ಬೆಂಚಿನಿಂದ ಇಳಿದು ನೆಲದ ಮೇಲೆ ಕೂತರು. ನನಗೂ ಗತಿಯಿಲ್ಲದೆ ಕೂಡಬೇಕಾಯಿತು. ಅವನ ಕೊರಳಲ್ಲಿ ಮಾಸಿದ ಬಟ್ಟೆಯಲ್ಲಿ ಸುತ್ತಿದ ಅವನದೇ ಲಿಂಗ ಇತ್ತು. ಲಿಂಗವಿಡುವ ಬೆಳ್ಳಿಯ ಕರಡಿಗೆ ಅವನಿಗೆ ಎಲ್ಲಿಂದ ಬರಬೇಕು?

“ಯಜಮಾನ್ರನ್ನ ಗ್ವಾಡಿಗೆ ಕಟ್ಟಿದಾಂವ ನೀನ ಏನಪಾ?”

“ಹೌದ್ರಿ ಅವ್ವಾರ.”

“ಕರಡಗಿ ತಗೊಂಡಾಂವನೂ ನೀನ?”

“ಹೌದ್ರಿ.”

ನನ್ನ ಪೆನ್ನು ನಿಂತಿತು. ಕೆಳಗಿನ ನ್ಯಾಯಾಲಯದಲ್ಲಿ ಕೇಳಿದ್ದೂ ಈ ಎರಡೇ, ಅವನು ಹೇಳಿದ್ದೂ ಇದನ್ನೇ. ದಾಖಲೆಯಲ್ಲಿ ಅದು ತಪ್ಪೊಪ್ಪಿಗೆಯಂತೆ ಕೂತಿತ್ತು.

“ಯಾಕ ಕಟ್ಟಿದಿ?”

ಅವನು ಅವರ ಮುಖವನ್ನು ನೋಡಿದ, ಇಷ್ಟೂ ಗೊತ್ತಿಲ್ಲವೇ ಎಂಬಂತೆ. “ಬಿಟ್ರ ಸೆಟೀತಾರಲ್ರಿ. ಸೆಟದ ಮ್ಯಾಲ ಹ್ಯಾಂಗ ಕುಂದ್ರಸ್ಲಿರಿ?”

“ಮತ್ತ ಬಾಯಿಗೆ ಬಟ್ಟಿ?”

“ಬಾಯಿಗಲ್ರಿ, ಗದ್ದಕ್ಕರಿ. ಬಾಯಿ ತೆರೀತದಲ್ರಿ.”

ನಮ್ಮ ವಕೀಲರು ಅದೇ ಧ್ವನಿಯಲ್ಲಿ, “ಅವರು ಬಿದ್ರೋ, ನೀ ದೂಡಿದ್ಯೋ?” ಎಂದರು.

“ಬಿದ್ರಿ. ನಾ ನೀರ ತರ್ಲಾಕ ಹೋಗಿದ್ದ್ಯಾ. ಬರೂದ್ರೊಳಗ ಏಣಿ ಮ್ಯಾಲಿಂದ ಬಿದ್ದು ಕಲ್ಲಕಟ್ಟಿಗಿ ತಲಿ ಬಡದಿತ್ತು. ನೀರ ಹಾಕಿದ್ಯಾ, ನುಂಗ್ಲಿಲ್ಲ.”

“ಆವಾಗ ಪೊಲೀಸರ ಕಡೆ ಯಾಕ ಹೋಗ್ಲಿಲ್ಲ?”

“ಪೊಲೀಸರಿಗ್ಯಾಕ್ರಿ? ಏನೂ ಕಳುವಾಗಿದ್ದಿಲ್ಲಲ್ರಿ.”

ಬಾಗಿಲಲ್ಲಿ ನಿಂತ ಪಹರೆಯವನಿಗೆ ಭಾಷೆ ತಿಳಿಯಲಿಲ್ಲ. ನಾನು ಯಾಕೆ ನಕ್ಕೆನೆಂದು ನೋಡಿದ. ಹಮಾಲ ನಗಲಿಲ್ಲ. ಸಾವಿನ ಸುದ್ದಿಯನ್ನು ಮನುಷ್ಯನೇ ಹೊತ್ತುಕೊಂಡು ಹೋಗಿ ಹೇಳಬೇಕು, ಕಾಗದದಲ್ಲಿ ಹೋಗಬಾರದು ಎಂಬುದು ಅವರ ಕಡೆಯ ರೀತಿ. ಮಗಳಿಗೆ ಹೇಳಿ, ಕರಡಿಗೆಯನ್ನು ಅವಳ ಕೈಗೆ ಕೊಟ್ಟು, ಅವಳನ್ನು ಕರೆದುಕೊಂಡು ಬರಲೆಂದು ಆಳಂದದ ಬಸ್ಸಿಗೆ ಕಾಯುತ್ತಿದ್ದಾಗ ಅವನನ್ನು ಹಿಡಿದಿದ್ದರು.

“ಇದೆಲ್ಲಾ ಕೋರ್ಟಿನ್ಯಾಗ ಹೇಳ್ಲಿಲ್ಲೇನು?”

“ಕೇಳಲಿಲ್ರಿ.” ಮತ್ತೆ ಅವನೇ, “ಅವ್ವಾರ, ನಾ ಒಂದ್ ಕೇಳ್ಲೇನ್ರಿ?” ಎಂದ.

ಗಲ್ಲು ತಪ್ಪುತ್ತದೆಯೇ ಎಂದು ಕೇಳುತ್ತಾನೆಂದು ನಾನು ಎಣಿಸಿದೆ.

“ಯಜಮಾನ್ರನ್ನ ಮಣ್ಣಾಗ ಇಡೂ ಮುಂದ ಲಿಂಗಾ ಕೈಯಾಗ ಇತ್ತೇನ್ರಿ?”

ಊರಿಗೆಲ್ಲ ಪ್ರಶ್ನೆ ಹಾಕುತ್ತಿದ್ದವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಅವನ ಆ ಪ್ರಶ್ನೆಯನ್ನು ತಾವೇ ಬರೆದುಕೊಂಡರು.

ಉತ್ತರ ಕರ್ನಾಟಕದ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಲಿಂಗಾಯತರಲ್ಲಿ ಜೀವ ಹೋದವರನ್ನು ಮಲಗಿಸುವುದಿಲ್ಲ. ಮೈ ಸೆಟೆಯುವ ಮೊದಲು ಗೋಡೆಗೆ ಒರಗಿಸಿ, ಬೀಳದಂತೆ ಬಟ್ಟೆಯಿಂದ ಕಟ್ಟಿ, ಕೂಡಿಸುತ್ತಾರೆ. ಕೂತಂತೆಯೇ ಮಣ್ಣು ಮಾಡುತ್ತಾರೆ. ಬದುಕಿಡೀ ಕೊರಳಲ್ಲಿದ್ದ ಇಷ್ಟಲಿಂಗವನ್ನು ಕರಡಿಗೆಯಿಂದ ತೆಗೆದು ಎಡಗೈಯಲ್ಲಿಡುತ್ತಾರೆ. ಅದು ಸತ್ತವರ ಜೊತೆಗೇ ಹೋಗಬೇಕು. ಬೆಳ್ಳಿ ಮನೆಗೆ ಬರುತ್ತದೆ. ಇದೇನು ಗುಟ್ಟಲ್ಲ. ಪುಣೆಯ ಪೇಟೆಗಳಲ್ಲಿ ಲಿಂಗಾಯತ ಅಂಗಡಿಗಳು ಎಷ್ಟಿಲ್ಲ? ಠಾಣೆಯಿಂದ ಹೊರಬಿದ್ದು ರಸ್ತೆ ದಾಟಿ ಯಾರನ್ನಾದರೂ ಕೇಳಿದ್ದರೆ ಸಾಕಿತ್ತು.

ಜೈಲಿನ ಹೊರಗೆ ನಾನು ಅವರೊಡನೆ ಜಗಳವಾಡಿದೆ. “ದೂಡಿದ್ಯೇನು ಅಂತ ಅವನನ್ನು ಹೇಗೆ ಕೇಳಿದಿರಿ ಅಕ್ಕಾರ?”

“ಯಾಕ? ಬಡವರಿಗೆ ಬಿರುಸು ಪ್ರಶ್ನಿ ಕೇಳಬಾರದೇನು? ಮೆತ್ತಗ ಮಾತಾಡ್ಸಿದ್ರ ಅವರನ್ನ ನಂಬಿದ್ಹಾಂಗ ಆಗ್ತದೇನು?”

ಮುಂದಿನ ಹೆಜ್ಜೆ ಮುದ್ದೆಮಾಲಿನ, ಅಂದರೆ ಮೊಕದ್ದಮೆಯಲ್ಲಿ ಜಪ್ತಿಯಾದ ವಸ್ತುಗಳ, ಕೋಣೆ. ಅರ್ಜಿ ಹಾಕಿ, ಅನುಮತಿ ಪಡೆದು, ಮೊಹರು ಒಡೆಸಿದೆವು. ಧೋತರ, ಬಟ್ಟೆಯ ತುಂಡುಗಳು, ಕರಡಿಗೆ. ಕರಡಿಗೆ ಬರಿದಾಗಿತ್ತು. ಕೊನೆಗೆ ಒಂದು ಸಣ್ಣ ಪೊಟ್ಟಣದಿಂದ ಗುಮಾಸ್ತ ಕಪ್ಪಗೆ ಹೊಳೆಯುವ ಗುಂಡು ವಸ್ತುವೊಂದನ್ನು ಹೊರಗಿಟ್ಟ.

“ಹೇ ಕಾಯ್ ಆಹೆ, ದೇವಾಲಾ ಮಾಹೀತ್, ಬಾಯಿ. ಪ್ರೇತಾಚ್ಯಾ ಡಾವ್ಯಾ ಹಾತಾಲಾ ಬಾಂಧಲಂ ಹೋತಂ” ಎಂದ. ಏನೋ ದೇವರೇ ಬಲ್ಲ, ಹೆಣದ ಎಡಗೈಗೆ ಕಟ್ಟಿತ್ತು.

ಮೇಜಿನ ಕೆಳಗೆ ಅವರು ಮೆಲ್ಲಗೆ ಚಪ್ಪಲಿ ಬಿಟ್ಟದ್ದನ್ನು ನಾನು ಗಮನಿಸಿದೆ. ಅವರು ಲಿಂಗಾಯತರಲ್ಲ, ದೇವರ ವಿಷಯದಲ್ಲಿಯೂ ಅವರಿಗಿದ್ದದ್ದು ಪ್ರಶ್ನೆಗಳೇ. ಆದರೂ ಬರಿಗಾಲಲ್ಲಿ ನಿಂತು ಅದನ್ನು ನೋಡಿದರು. ಮುಟ್ಟಲಿಲ್ಲ.

ಅಲ್ಲಿಂದ ಆಳಂದಕ್ಕೆ ಹೋದೆವು. ಮಗಳು ನಮ್ಮನ್ನು ಒಳಗೆ ಕರೆದು, ಯಾರ ಪರವಾಗಿ ಬಂದಿದ್ದೇವೆಂದು ತಿಳಿದ ಕೂಡಲೇ ನೀರಿನ ತಂಬಿಗೆಯನ್ನು ಹಿಂದಕ್ಕೆ ಎಳೆದುಕೊಂಡಳು.

“ನಮ್ಮಪ್ಪನ ಉಪ್ಪ ತಿಂದಾಂವ. ಆಂವನ ಹೆಸರು ಈ ಮನ್ಯಾಗ ಎತ್ತಬ್ಯಾಡ್ರಿ.”

“ಎತ್ತಂಗಿಲ್ಲವಾ. ಪುಣೆ ಕೋರ್ಟಿನ್ಯಾಗ ನಿನ್ನ ಏನ್ ಕೇಳಿದ್ರು?”

“ಈ ಕರಡಗಿ ನಿಮ್ಮಪ್ಪಂದೇನು ಅಂದ್ರು. ಹೌದು ಅಂದ್ಯಾ. ಆತು, ಹೋಗು ಅಂದ್ರು.”

“ನಾ ಬ್ಯಾರೆ ಒಂದ್ ಕೇಳ್ತೀನಿ. ನಿಮ್ಮಪ್ಪನ ಜೀವ ಹೋದಾಗ ನೀ ಅಲ್ಲಿದ್ದಿದ್ರ ಏನ್ ಮಾಡ್ತಿದ್ದಿ?”

ಇದೆಂಥ ಪ್ರಶ್ನೆ ಎಂದು ಅವಳು ಸಿಡುಕಿದಳು. ಆದರೂ ಹೇಳತೊಡಗಿದಳು. “ಏನ್ ಮಾಡ್ತಾರ್ರಿ? ಎಲ್ಲಾರೂ ಮಾಡೂದು. ಕುಂದ್ರಸ್ತಿದ್ದ್ಯಾ. ಎದಿಗಿ ಬಟ್ಟಿ ಕಟ್ಟಿ, ಗದ್ದಕ್ಕ ಕಟ್ಟಿ, ಇಬತ್ತಿ ಹಚ್ಚಿ, ಕರಡಗ್ಯಾಂದು ಲಿಂಗಾ ತಗದು ಎಡಗೈಯಾಗ ಕೊಟ್ಟು...” ಅಲ್ಲಿಗೆ ಅವಳ ಮಾತು ನಿಂತಿತು. ಶವಪರೀಕ್ಷೆಯಾದ ಮೇಲೆ ಹೊಲಿದು ಕೊಟ್ಟ ಹೆಣವನ್ನಷ್ಟೇ ಅವಳು ಕಂಡಿದ್ದಳು. ಅಪ್ಪ ಹೇಗೆ ಸಿಕ್ಕರೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

“ಲಿಂಗಾ ಆಂವ ಒಗದಾನ ಅಂತ ತಿಳದಿದ್ದ್ಯಾ” ಎಂದಳು.

“ಕೈಯಾಗಿತ್ತವಾ. ಬಟ್ಟಿ ಸುತ್ತಿ ಕಟ್ಟಿದ್ದ. ನಾ ನೋಡಿ ಬಂದೀನಿ.”

ಅವಳು ಗೋಡೆಗೆ ಒರಗಿ ಕೂತಳು. ನಮ್ಮನ್ನಲ್ಲ, ತನ್ನನ್ನೇ ಕೇಳಿಕೊಂಡಂತೆ ಕೇಳಿದಳು: “ಹಂಗಂದ್ರ ಆಂವ ನನ್ನ ಕಡೀಗೇ ಬರ್ಲತ್ತಿದ್ದನೇನ್ರಿ?”

ತಂಬಿಗೆಯ ನೀರು ನಮ್ಮ ಕೈಗೆ ಬಂದದ್ದು ಆಗ.

ಮುಂಬಯಿಯ ಉಚ್ಚ ನ್ಯಾಯಾಲಯದಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ. ನಮ್ಮ ವಕೀಲರು ಅಲ್ಲಿ ಹಿಂದೆ ವಾದಿಸಿದವರಲ್ಲ. ಅವರ ಇಂಗ್ಲಿಷಿನಲ್ಲಿ ಧಾರವಾಡದ ಏರಿಳಿತವಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಮುಸಿಮುಸಿ ನಕ್ಕದ್ದೂ ಕೇಳಿಸಿತು. ಗಲ್ಲುಶಿಕ್ಷೆಯ ಪರಿಶೀಲನೆಯಲ್ಲಿ ಬೇಕೆನಿಸಿದರೆ ಹೊಸ ಸಾಕ್ಷ್ಯ ಪಡೆಯುವ ಅಧಿಕಾರ ಆ ಪೀಠಕ್ಕಿದೆ. ಇವರು ಕೇಳಿದ್ದು ಮೂರು: ಮುದ್ದೆಮಾಲನ್ನು ತರಿಸಬೇಕು, ವೈದ್ಯರನ್ನು ಮತ್ತೆ ಕರೆಸಬೇಕು, ಮಗಳ ಮಾತು ಕೇಳಬೇಕು. ಹಿರಿಯ ನ್ಯಾಯಮೂರ್ತಿಗಳು ಕನ್ನಡಕ ಕಳಚಿ, “ಈ ಕಪ್ಪು ವಸ್ತು ಏನು?” ಎಂದು ಸರ್ಕಾರಿ ವಕೀಲರನ್ನು ಕೇಳಿದರು. ಅವರು ಕಡತ ತಿರುವಿದರು. ಕೊನೆಗೆ, “ಯಾವುದೋ ಕಲ್ಲಿನಂಥದ್ದು, ಪ್ರಕರಣಕ್ಕೆ ಸಂಬಂಧವಿಲ್ಲ” ಎಂದರು. ನ್ಯಾಯಮೂರ್ತಿಗಳು ಮುಂದಿನ ತಾರೀಖಿಗೆ ಎಲ್ಲವನ್ನೂ ತರಿಸಿದರು. ಅವರಲ್ಲಿಯೂ ಕುತೂಹಲವಿತ್ತೆಂದು ಒಪ್ಪಿಕೊಳ್ಳುವುದು ನನ್ನ ಕರ್ತವ್ಯ.

ವೈದ್ಯರ ಪಾಟೀಸವಾಲು ನಾನು ಕೇಳಿದವುಗಳಲ್ಲೆಲ್ಲ ಅತಿ ಸೌಮ್ಯವಾದದ್ದು.

ಗದ್ದದ ಬಟ್ಟೆಯ ಗಂಟು ಎಲ್ಲಿತ್ತು ಡಾಕ್ಟರ್? ನೆತ್ತಿಯ ಮೇಲೆ. ಬಟ್ಟೆ ಬಾಯೊಳಗೆ ತುರುಕಿತ್ತೇ? ಇಲ್ಲ. ಬಾಯಿಯ ಮೇಲೆ ಹಾದಿತ್ತೇ? ಇಲ್ಲ, ಗದ್ದದ ಕೆಳಗಿನಿಂದ. ಕೈಗಳನ್ನು ಕಟ್ಟಿತ್ತೇ? ಎರಡೂ ತೊಡೆಯ ಮೇಲಿದ್ದವು. ಎದೆಯನ್ನು ಗೂಟಕ್ಕೆ ಕಟ್ಟುವವನು ಕೈಗಳನ್ನು ಬಿಟ್ಟನೇಕೆ? ಹೇಳಲಾರೆ. ಎದೆಯ ಮೇಲಿನ ಬಟ್ಟೆಯ ಗುರುತು ಜೀವವಿದ್ದಾಗಿನದೋ, ಹೋದ ಮೇಲಿನದೋ? ವೈದ್ಯರು ತಮ್ಮ ವರದಿ ನೋಡಿದರು. ಹೋದ ಮೇಲಿನದು ಇರಬಹುದು. ಮೊದಲೇಕೆ ಹೇಳಲಿಲ್ಲ?

“ಯಾರೂ ಕೇಳಲಿಲ್ಲ” ಎಂದರು ವೈದ್ಯರು.

ಹಮಾಲನೂ ಇದೇ ಮಾತು ಹೇಳಿದ್ದ. ಅವನ ಬಾಯಲ್ಲಿ ಅದು ದುಃಖವಾಗಿತ್ತು. ಓದಿದವರ ಬಾಯಲ್ಲಿ ಅದು ನನಗೆ ಅಪರಾಧವಾಗಿ ಕೇಳಿಸಿತು.

ಆಮೇಲೆ ಮಗಳು. ತೋರಿಸಬಹುದೇ ಎಂದು ಪೀಠ ಕೇಳಿದಾಗ ಅವಳು ಸೆರಗು ಹೊದ್ದು, ಆ ದೊಡ್ಡ ಕೋಣೆಯ ನೆಲದ ಮೇಲೆ ಕೂತು, ತನ್ನ ಗದ್ದಕ್ಕೇ ಬಟ್ಟೆ ಕಟ್ಟಿ ನೆತ್ತಿಯ ಮೇಲೆ ಗಂಟು ಹಾಕಿದಳು. ಎಡ ಅಂಗೈಯನ್ನು ಬಿಚ್ಚಿ ತೊಡೆಯ ಮೇಲಿಟ್ಟಳು. ಅಷ್ಟೇ. ನಮ್ಮ ವಕೀಲರು ಒಂದೇ ವಾಕ್ಯದಲ್ಲಿ ವಾದ ಮುಗಿಸಿದರು: ಬೆಳ್ಳಿಗಾಗಿ ಕೊಂದವನು ಆ ಬೆಳ್ಳಿಯನ್ನು ತೆರೆದು, ಒಳಗಿನ ದೇವರನ್ನು ಸತ್ತವನ ಕೈಯಲ್ಲಿಟ್ಟು, ಹಣೆಗೆ ವಿಭೂತಿ ಹಚ್ಚಿ, ತುಂಬಿದ ಗಲ್ಲಾಪೆಟ್ಟಿಗೆಯನ್ನು ಮುಟ್ಟದೆ, ಸತ್ತವನ ಮಗಳ ಊರಿನ ಬಸ್ಸಿಗೆ ಕಾಯುತ್ತ ಕೂಡುತ್ತಾನೆಯೇ?

ಶಿಕ್ಷೆ ರದ್ದಾಯಿತು. ಕಲ್ಲಕಟ್ಟೆಯ ಅಂಚಿನಲ್ಲಿ ರಕ್ತವಿದ್ದದ್ದು ಪೊಲೀಸರೇ ದಾಖಲಿಸಿದ ಸಂಗತಿ. ಮುದುಕರು ಬಿದ್ದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಆದ್ದರಿಂದ ಸಂಶಯದ ಲಾಭವನ್ನು ಆರೋಪಿಗೆ ಕೊಡಲಾಗಿದೆ. ಕುಣಿಯುವ ಹುಮ್ಮಸ್ಸಿನಲ್ಲಿ ನಾನು ಪಡಸಾಲೆಗೆ ಬಂದರೆ ಅವರು ಕಂಬಕ್ಕೆ ಒರಗಿ ಶೇಂಗಾ ಸುಲಿಯುತ್ತಿದ್ದರು.

“ಲಾಭ ಅಂತ ಬರದಾರ” ಎಂದರು. “ಇಷ್ಟು ವರ್ಷ ಗಲ್ಲಿನ ಖೋಲಿಯಾಗ ಕೂತಾಂವಗ ಯಾವ ಲಾಭ ಆತು, ಕೇಳಿ ಬಾ ಹೋಗು.”

ನಾನು ಅಂದೇ ‘ಈ ವ್ಯವಸ್ಥೆ’ ಎಂದು ಶುರುಮಾಡಿ ಪತ್ರಿಕೆಗೊಂದು ಲೇಖನ ಬರೆದೆ. ಅವರು ಓದಿ, ಮೊದಲನೆಯ ಸಾಲಿಗೇ ಗೆರೆ ಎಳೆದರು. “ವ್ಯವಸ್ಥೆ ಅಂತ ಬರೀಬ್ಯಾಡ ತಮ್ಮಾ. ಅದಕ್ಕ ಮೈಯಿಲ್ಲ, ಚುಚ್ಚಿದ್ರ ನೋವಾಗೂದಿಲ್ಲ. ಯಾರು ಏನ್ ಕೇಳಬೇಕಾಗಿತ್ತು, ಕೇಳ್ಲಿಲ್ಲ, ಅದನ್ನ ಬರಿ. ಕುರ್ಚಿ ಕುರ್ಚಿ ಹಿಡಿದು ಬರಿ.” ಆ ಲೇಖನ ಅಂದು ಅಚ್ಚಾಗಲಿಲ್ಲ. ಇಂದು ಬರೆಯುತ್ತಿರುವುದು ಅದೇ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಅವರಿಗೆ ಕೈಮುಗಿದು ಸುಮ್ಮನಾಗುತ್ತಿದ್ದೆ. ಆದರೆ ಜೈಲಿನ ಬಾಗಿಲಲ್ಲಿ ಬಿಡುಗಡೆಯಾದ ಹಮಾಲ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಹಳೆಯ ಪ್ರಶ್ನೆಯನ್ನೇ ಕೇಳಿದ: “ಲಿಂಗಾ ಯಜಮಾನ್ರಿಗಿ ಮುಟ್ಟಿತೇನ್ರಿ ಅವ್ವಾರ?”

ಮುಟ್ಟಿರಲಿಲ್ಲ. ಇವರು ಅದನ್ನು ಪೀಠದ ಮುಂದೆಯೇ ಕೇಳಿದ್ದರು. ಮುದ್ದೆಮಾಲಿನ ವಿಲೇವಾರಿಯನ್ನು ಕೆಳಗಿನ ನ್ಯಾಯಾಲಯ ನೋಡಿಕೊಳ್ಳುತ್ತದೆ ಎಂಬ ಉತ್ತರ ಬಂದಿತ್ತು. ಕೆಳಗಿನ ನ್ಯಾಯಾಲಯದ ಹಳೆಯ ಆದೇಶದಲ್ಲಿ ಇದ್ದದ್ದು ಹೀಗೆ: ಬೆಳ್ಳಿಯ ಕರಡಿಗೆಯನ್ನು ಮಗಳಿಗೆ ಕೊಡತಕ್ಕದ್ದು, ಉಳಿದ ವಸ್ತುಗಳು ಬೆಲೆಯಿಲ್ಲದವಾದ್ದರಿಂದ ಅವುಗಳನ್ನು ನಾಶಪಡಿಸತಕ್ಕದ್ದು. ಅದರಂತೆ ಮಗಳಿಗೆ ಕರಡಿಗೆ ಬಂತು. ಬರಿ ಕರಡಿಗೆ.

ಆಮೇಲಿನ ವರ್ಷಗಳಲ್ಲಿ ಅವರು ಆ ಕೋಣೆಗೆ ಎಷ್ಟು ಸಲ ಹತ್ತಿಳಿದರೋ ನಾನು ಲೆಕ್ಕವಿಟ್ಟಿಲ್ಲ. ಹಳೆಯ ಗುಮಾಸ್ತ ನಿವೃತ್ತನಾದ. ಹೊಸಬ, “ನೋಡಬೇಕಾಗುತ್ತದೆ” ಎಂದ. ಅವನ ನಂತರ ಬಂದವನು, ಅಂಥ ವಸ್ತುವೇ ತನಗೆ ಗೊತ್ತಿಲ್ಲ ಎಂದ. ನಾಶಪಡಿಸಿದ್ದರೆ ಹಾಗಾದರೂ ಬರೆದುಕೊಡಿ ಎಂದರೆ ಅದೂ ಇಲ್ಲ. ಕಾಲುಗಳು ಊದಿಕೊಂಡ ಮೇಲೆ ಮೆಟ್ಟಿಲ ಕೆಳಗೆ ಕೂತು ನನ್ನನ್ನು ಮೇಲೆ ಕಳಿಸುತ್ತಿದ್ದರು. “ಏನಂದ್ರು?” ಎಂದು ಕೇಳುವರು. ಹೇಳಿದರೆ, “ನೀ ತಿರುಗಿ ಏನಂದಿ?” ಎನ್ನುವರು. ತಿರುಗಿ ಏನೂ ಅನ್ನದೆ ಬಂದ ದಿನ ನನಗೆ ಶೇಂಗಾ ಇರುತ್ತಿರಲಿಲ್ಲ.

ಅವರು ತೀರಿಕೊಂಡ ಸುದ್ದಿಯನ್ನು ನಾನು ಕಾಗದ ಬರೆದು ತಿಳಿಸಲಿಲ್ಲ. ಬಸ್ಸು ಹತ್ತಿ ಪುಣೆ ಜಿಲ್ಲೆಯ ಶಿರೂರಿಗೆ ಹೋದೆ. ಹಮಾಲ ಈಗ ಅಲ್ಲಿನ ಧಾನ್ಯದ ಅಡತಿಯಲ್ಲಿ ಚೀಲ ಹೊರುತ್ತಾನೆ. ಪುಣೆಯ ಯಾವ ಅಂಗಡಿಯವರೂ ಅವನನ್ನು ಮತ್ತೆ ಇಟ್ಟುಕೊಳ್ಳಲಿಲ್ಲ. ಜೊತೆಯವರು ಅವನನ್ನು ‘ಫಾಶಿವಾಲಾ’ ಎಂದು ಕೂಗುತ್ತಾರೆ, ಗಲ್ಲಿನವನು ಎಂದು. ಅವನು ಓಗೊಡುತ್ತಾನೆ. ಸುದ್ದಿ ಕೇಳಿ ಹೆಗಲ ಮೇಲಿನ ಚೀಲವನ್ನು ಇಳಿಸಿದ. “ನೀವೇ ಬಂದ್ರಲ್ರಿ, ಛಲೋ ಆತು” ಎಂದ. ಮತ್ತೆ ಅವನೇ, “ಇನ್ನ ಕೇಳೋರು ಯಾರ್ರಿ?” ಎಂದ.

ನಾನು ಕೇಳುತ್ತೇನೆ.

ಪಂಚನಾಮೆ ಬರೆದ ಅಧಿಕಾರಿಗಳೇ, ಸತ್ತವರ ಹಣೆಯ ಮೇಲಿನ ವಿಭೂತಿಯನ್ನು ನೋಡಿಯೂ ಅದರ ಅರ್ಥವನ್ನು ಯಾರಲ್ಲಿಯೂ ವಿಚಾರಿಸಲಿಲ್ಲ ಏಕೆ? ವೈದ್ಯರೇ, ಗಂಟು ನೆತ್ತಿಯ ಮೇಲಿತ್ತೆಂದು ತಿಳಿದಿದ್ದೂ ಬಾಯಿ ಬಿಗಿದಿತ್ತೆಂಬ ಮಾತನ್ನು ಒಪ್ಪಿದಿರಿ ಏಕೆ? ಆರೋಪಿಯ ಪರ ನೇಮಕಗೊಂಡ ವಕೀಲರೇ, ನಿಮ್ಮ ಕಕ್ಷಿದಾರನ ‘ಹೌದ್ರಿ’ಯ ಮುಂದೆ ಒಂದು ಪ್ರಶ್ನೆಯನ್ನೂ ಹಾಕಲಿಲ್ಲ ಏಕೆ? ಇವಕ್ಕೆ ಲಿಖಿತ ಉತ್ತರಗಳನ್ನು ಅಪೇಕ್ಷಿಸುತ್ತೇನೆ. ನಿರಪರಾಧಿಯೊಬ್ಬನು ಗಲ್ಲಿನ ಖೋಲಿಯಲ್ಲಿ ಕಳೆದ ವರ್ಷಗಳಿಗೆ ಸರ್ಕಾರ ಏನು ಪರಿಹಾರ ಕೊಡುತ್ತದೆಂದು ತಿಳಿಸಬೇಕೆಂದೂ ಕೋರುತ್ತೇನೆ.

ಕೊನೆಯದಾಗಿ, ಮುದ್ದೆಮಾಲಿನ ಹೊಣೆ ಹೊತ್ತ ಅಧಿಕಾರಿಗಳಲ್ಲಿ ವಿನಂತಿ. ಆ ಪ್ರಕರಣದಲ್ಲಿ ಮೃತರ ಎಡಗೈಯಿಂದ ಬಿಡಿಸಿಕೊಂಡು, ಬೆಲೆಯಿಲ್ಲದ್ದೆಂದು ಬರೆದ ಇಷ್ಟಲಿಂಗವು ಈಗ ನಿಮ್ಮ ವಶದಲ್ಲಿದೆಯೇ? ಇದ್ದರೆ, ದಯವಿಟ್ಟು ಅದನ್ನು ಆಳಂದದಲ್ಲಿರುವ ಅವರ ಮಗಳಿಗೆ ಒಪ್ಪಿಸಿ. ತಂದೆಯ ಸಮಾಧಿಯ ಮಣ್ಣು ಸರಿಸಿ ಇಡಲು ಅವಳು ಇನ್ನೂ ಕಾದಿದ್ದಾಳೆ. ನಾಶಪಡಿಸಿದ್ದರೆ, ಯಾರು, ಎಂದು, ಹೇಗೆ ನಾಶಪಡಿಸಿದರೆಂದು ಬರೆದು ತಿಳಿಸಿ. ಆ ಉತ್ತರ ಬಂದ ದಿನ ನಾನು ಅದನ್ನು ಅಂಚೆಗೆ ಹಾಕುವುದಿಲ್ಲ. ಶಿರೂರಿಗೆ ನಾನೇ ಹೋಗಿ ಅವನಿಗೆ ಹೇಳುತ್ತೇನೆ.